ಹೊಡೆದುಹಾಕಿದ ಎರಡು ಸಾಲು

ವೇದವತಿ ಮಂಡ್ಯದ ಒಂದು ಶಾಲೆಯಲ್ಲಿ ಉಪಾಧ್ಯಾಯಿನಿ. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಶನಿವಾರ ಮಧ್ಯಾಹ್ನದ ರೈಲಿಗೆ ರೇಡಿಯೋ ಕೇಂದ್ರಕ್ಕೆ ಹೋಗಿ ‘ಯುವಕರ ಪ್ರಶ್ನೆ’ ಕಾರ್ಯಕ್ರಮ ಓದುತ್ತಿದ್ದಳು. ಮಂಡ್ಯದ ಪಾರ್ಕಿನ ರೇಡಿಯೋ ಕೆಳಗೆ ತಗಡಿನ ಡಬ್ಬಿ ಕಟ್ಟಿದ್ದರು. ಹುಡುಗರು ಪ್ರಶ್ನೆ ಬರೆದು ಅದಕ್ಕೆ ಹಾಕಿ, ಶನಿವಾರ ಸಂಜೆ ಅಲ್ಲೇ ಕೂತು ಕೇಳುತ್ತಿದ್ದರು. ಕೇಂದ್ರದ ಅಧಿಕಾರಿ ನೀಲಿ ಪೆನ್ಸಿಲಿನಿಂದ ತಿದ್ದಿ ಉಳಿಸಿದ್ದನ್ನಷ್ಟೇ ಅವಳು ಓದಬೇಕು. ಒಂದು ಮಾತು ಹೆಚ್ಚಿಗೆ ಆಡುವಂತಿರಲಿಲ್ಲ.

ನಲವತ್ತೇಳರ ಆಗಸ್ಟ್ ಕಳೆದಿತ್ತು. ಹೊಳಲಿನ ಹುಡುಗ ಚಿಕ್ಕಬೋರಯ್ಯ ತನ್ನ ಚೀಟಿಯನ್ನು ಡಬ್ಬಿಗೆ ಹಾಕದೆ ಅವಳ ಕೈಗೇ ಕೊಟ್ಟ. ‘ದೇಶಕ್ಕೆ ಸ್ವಾತಂತ್ರ್ಯ ಬಂತು. ನಮ್ಮ ಸಂಸ್ಥಾನಕ್ಕೆ ಜನರೇ ಆರಿಸಿದ ಜವಾಬ್ದಾರಿ ಸರ್ಕಾರ ಯಾವಾಗ ಬರುತ್ತದೆ?’

“ಓದ್ತೀರಾ, ಮೇಡಮ್ಮಾರೇ?”

“ಉಳಿಸಿದರೆ ಓದುತ್ತೇನೆ.”

“ಉಳುಸ್ದಿದ್ರೆ?”

ಜೊತೆಗಿದ್ದ ಮರಿಸಿದ್ದಯ್ಯ ನಕ್ಕ. “ನೀನೇ ಮರ ಅತ್ಕೊಂಡು ಕೂಗ್ಬುಡು ಕಣ್ಲಾ. ಅದ್ಕೆ ಕರೆಂಟೂ ಬ್ಯಾಡ.”

ಆ ಶನಿವಾರ ಕೇಂದ್ರದಲ್ಲಿ ಅಧಿಕಾರಿ ಅವಸರದಲ್ಲಿದ್ದ. ಆ ಪ್ರಶ್ನೆಯ ಎರಡು ಸಾಲನ್ನೂ ಹೊಡೆದುಹಾಕಿದ. ಮೇಲಿದ್ದ ಊರು, ಹೆಸರು ಹಾಗೇ ಉಳಿದವು. ಅವನ ಉದ್ದೇಶ ವೇದವತಿಗೆ ತಿಳಿಯದೆ ಇರಲಿಲ್ಲ. ಸುಮ್ಮನೆ ಮುಂದಿನ ಚೀಟಿಗೆ ಹೋಗಬಹುದಿತ್ತು. ಹೋದರೆ ಕೆಲಸ ಉಳಿಯುತ್ತಿತ್ತು.

“ಮೂರನೆಯ ಪ್ರಶ್ನೆ. ಹೊಳಲಿನ ಚಿಕ್ಕಬೋರಯ್ಯನವರು ಕೇಳುತ್ತಾರೆ.”

ಆಮೇಲೆ ಅವಳು ಮಾತಾಡಲಿಲ್ಲ. ಹೊಡೆದುಹಾಕಿದ ಸಾಲುಗಳ ಮೇಲೆ ಕಣ್ಣಾಡಿಸಿದಳು, ಗಟ್ಟಿಯಾಗಿ ಓದಲು ಹಿಡಿಯುವಷ್ಟೇ ಹೊತ್ತು. ಗಾಜಿನ ಆಚೆ ಅಧಿಕಾರಿ ಎದ್ದು ನಿಂತ. ಅವಳು ನಾಲ್ಕನೆಯ ಚೀಟಿ ತೆಗೆದಳು. ಅದು ಕಬ್ಬಿನ ಗೊಬ್ಬರದ ವಿಷಯ.

ಸೋಮವಾರ ಎರಡು ಕಾಗದ ಬಂದವು. ಕೇಂದ್ರಕ್ಕೆ ಬರುವುದು ಬೇಡ ಎಂದು ಒಂದು, ಶಾಲೆಗೂ ಬೇಡ ಎಂದು ಇನ್ನೊಂದು. ಶಾಲೆಯ ಗೇಟಿನ ಹತ್ತಿರ ಚಿಕ್ಕಬೋರಯ್ಯ ಕಾಯುತ್ತಿದ್ದ.

“ನಿನ್ನ ಪ್ರಶ್ನೆ ಹೊಡೆದುಹಾಕಿದ್ದರು” ಎಂದಳು.

“ಗೊತ್ತಾಯ್ತು ಬುಡಿ. ನೀವು ಸುಮ್ಕಾದೇಟ್ಗೆ ಮರಿಸಿದ್ದಯ್ಯ ಎದ್ದು ನಿಂತ್ಕಂಡು ಅದ್ನೇ ಕೂಗ್ದ. ಪಾರ್ಕ್ನಲ್ಲಿದ್ದೋರೆಲ್ಲ ಕೇಳುದ್ರು. ಅವುನ್ನ ಪೊಲೀಸ್ನೋರು ಕರ್ಕೊಂಡೋದ್ರು” ಎಂದ.

ಮರಿಸಿದ್ದಯ್ಯ ಹದಿನೆಂಟು ದಿನ ಒಳಗಿದ್ದ. ಅವನು ಬಿಡುಗಡೆಯಾದ ದಿನ ವೇದವತಿ ಪೊಲೀಸ್ ಸ್ಟೇಷನ್ನಿನ ಮುಂದೆ ನಿಂತಿದ್ದಳು. ಅವನು ಕೈಮುಗಿದ, ಅವಳೂ ಮುಗಿದಳು. ಮುಂದೆ ಅವಳು ಮಳವಳ್ಳಿಯಲ್ಲಿ ಮಕ್ಕಳಿಗೆ ಮನೆಪಾಠ ಹೇಳಿ ಬದುಕಿದಳು.

ರೇಡಿಯೋದಲ್ಲಿ ಕಾರ್ಯಕ್ರಮ ನಿಲ್ಲಲಿಲ್ಲ. ಆ ವಾರದಿಂದ ಕೇಳಿದವರ ಊರು, ಹೆಸರು ಓದುವುದನ್ನು ಬಿಟ್ಟರು. ಒಂದನೆಯ ಪ್ರಶ್ನೆ, ಎರಡನೆಯ ಪ್ರಶ್ನೆ, ಅಷ್ಟೇ.