ಕಂಪ್ಯೂಟರಿನ ಕೊಡಕ್ಕೊಂದು ಸಿಂಬಿ

ನಮ್ಮ ಮೊಮ್ಮಗಳ ಸಿನಿಮಾ ಆರಿಸ್ಯಾರ. ಯಾದಗಿರಿ ಸಿನಿಮಾ ಉತ್ಸವದಾಗ ದೊಡ್ಡ ಪರದಿ ಮ್ಯಾಲ ತೋರಸ್ತಾರಂತ. ಇವತ್ತು ಮಧ್ಯಾಹ್ನ ಫೋನ್ ಬಂತು. ಆಗಿಂದ ಓಣಿಗೆಲ್ಲ ಹೇಳಿ ಬಂದೀನಿ, ಹಾಲು ಹಾಕಾಕಿಗೆ ಎರಡು ಸರತಿ ಹೇಳೀನಿ. ಕೇಳೋ ಮಂದಿ ಖಾಲಿ ಆದ್ರು, ಅದಕ್ಕ ಈಗ ಬರ್ಯಾಕತ್ತೀನಿ. ನಾನು ಮೂರನೇ ಕ್ಲಾಸ್ ತನಕ ಓದಿದಾಕಿ. ಅಕ್ಷರ ಡೊಂಕಿದ್ರ ತಲಿ ಸ್ವಲ್ಪ ವಾರಿ ಮಾಡಿ ಓದ್ರಿ.

ನಮ್ಮ ಮನಿ ಶಹಾಪುರದಾಗ, ಕಾಲುವಿ ಕಡಿ. ಮೊಮ್ಮಗಳು ಸುರಪುರದ ಕಾಲೇಜಿಗೆ ಬಸ್ಸಿನ್ಯಾಗ ಹೋಗಿ ಬರ್ತಾಳ. ಮನಿಗೆ ಬಂದಳಂದ್ರ ಕಂಪ್ಯೂಟರ್ ಮುಂದ ಕುಂತು ಅದರೊಳಗ ಗೊಂಬಿ ಮಾಡ್ತಾಳ. ಆ ಗೊಂಬಿ ನಡೀತಾವ, ಕುಂಡ್ರತಾವ, ಕಣ್ಣು ಮಿಟುಕಸ್ತಾವ. ಯಾರೂ ಕಲಿಸಿಲ್ಲ, ಫೋನಿನ್ಯಾಗ ನೋಡಿ ನೋಡಿ ತಾನೇ ಕಲ್ತಾಳ. ಕಂಪ್ಯೂಟರ್ ಮಾತ್ರ ಆಕಿ ಸೋದರಮಾವಂದು, ಕೇಳಿ ತಂದಿದ್ದು.

ನನ್ನ ಮಗ, ಅಂದ್ರ ಆಕಿ ಅಪ್ಪ, ಕಚೇರ್ಯಾಗ ಗುಮಾಸ್ತ. ಮಾತು ಕಡಿಮಿ. ಒಂದಿನ ಚಾ ಕುಡೀತಾ ಹೇಳಿಬಿಟ್ಟ: "ಈ ಸರತಿ ಯಾದಗಿರಿಗೆ ಕಳಸು. ಆರಿಸಿದ್ರ ಮುಂದ ನೋಡೋಣ. ಇಲ್ಲಂದ್ರ ಮಶೀನು ಮಾವನ ಮನಿಗೆ, ನೀನು ನೌಕರಿ ಪರೀಕ್ಷಾದ ಪುಸ್ತಕದ ಮುಂದ."

ಹೇಳಿ ಸುಮ್ಮನಾಗಲಿಲ್ಲ. ಕಂಪ್ಯೂಟರ್ ಬಂದಿದ್ದ ರಟ್ಟಿನ ಡಬ್ಬಿ ಅಟ್ಟದ ಮ್ಯಾಲಿತ್ತು, ಅದನ್ನ ಇಳಿಸಿ ಬಾಗಲ ಹಿಂದ ಇಟ್ಟ. ಹೋಗೋವಾಗ ಬರೋವಾಗ ಹುಡುಗಿ ಕಣ್ಣಿಗೆ ಅದೇ ಡಬ್ಬಿ. ಪಾಪ, ಅದರ ಕಡಿ ನೋಡಲಾರದಂಗ ಗ್ವಾಡಿಗೆ ಹತ್ತಿ ನಡೀತಿದ್ದಳು.

"ಏನು ಕತಿ ಮಾಡ್ಲಿ ಆಯಿ?" ಅಂತ ನನ್ನ ಕೇಳಿದಳು. ಕಾಲುವಿಗೆ ಮೊದಲ ಸರತಿ ನೀರು ಬಂದದ್ದು ಹೇಳಿದೆ. ಆಗ ನಾನು ಹೊಸ ಸೊಸಿ. ಓಣಿ ಹೆಣ್ಮಕ್ಕಳೆಲ್ಲ ಮಣ್ಣಿನ ಕೊಡ ಹೊತ್ಕೊಂಡು ಹೋಗಿ, ನೀರು ತುಂಬಿ ತಂದು ಅಂಗಳದಾಗ ಇಟ್ಟು, ಅರಿಷಿಣ ಕುಂಕುಮ ಹಚ್ಚಿ, ಗಂಗವ್ವ ನಡಕೊಂತ ಮನಿಗೆ ಬಂದಾಳ ಅಂತ ಕೈ ಮುಗಿದಿದ್ವಿ. ನೀರು ಕೆಂಪು ರಾಡಿ. ಆದ್ರೂ ಎಲ್ಲಾರೂ ಒಂದೊಂದು ಗುಟುಕು ಕುಡಿದ್ವಿ. ನಮ್ಮತ್ತಿ ಒಬ್ಬಾಕಿನೇ ಸೆರಗಿನ್ಯಾಗ ಸೋಸಿ ಕುಡಿದಳು.

"ಇದನ್ನೇ ಮಾಡ್ತೀನಿ" ಅಂದಳು ಹುಡುಗಿ. ನನಗೂ ಒಂದು ಕೆಲಸ ಕೊಟ್ಟಳು, ಸಿನಿಮಾದಾಗಿನ ಮನಿ ಸಾಮಾನು ಹೊಂದಿಸಿ ಇಡೋದು. ಮೌಸು ಹಿಡಿಯೋದು ಕಲಿಸಿದಳು. ಸಾಮಾನಿನ ಮ್ಯಾಲ ಒತ್ತಿ ಎಳೆದ್ರ ಅದು ಬೆನ್ನು ಹತ್ತಿ ಬರ್ತದ, ಎಮ್ಮಿ ಕರ ಬಂದಂಗ. ಮೊದಲ ದಿನ ಬೀಸೋ ಕಲ್ಲು ಛತ್ತಿನ ಮ್ಯಾಲ ಹೋಗಿ ಕುಂತಿತ್ತು. ವಾರದಾಗ ಕೈ ಕುದುರಿತು. ರೊಟ್ಟಿ ಬುಟ್ಟಿ ಒಲಿ ಮಗ್ಗಲಕ್ಕ ಇಟ್ಟಿದ್ದಳು, ಎತ್ತಿ ನೆಲುವಿಗೆ ಹಾಕಿದೆ, ಬೆಕ್ಕು ಮುಟ್ಟಬಾರದು. ಕಸಬರಿಗಿ ಬಾಗಲಿಗೆ ನಿಂದರಸಿದ್ದಳು, ಮಲಗಿಸಿದೆ.

ನಮ್ಮ ಯಜಮಾನ್ರು ಕಟ್ಟಿ ಮ್ಯಾಲಿಂದ ಹಂಗಸ್ತಿದ್ರು: "ಖರೇ ಮನ್ಯಾಗ ನನ್ನ ಕಣ್ಣಿನ ಚಾಳೀಸು ಸಿಗವಲ್ದು. ಇಕಿ ಇಲ್ಲದ ಮನ್ಯಾಗ ಸಂಸಾರ ಹೂಡ್ಯಾಳ."

ಕಳಿಸೋಕ ಎರಡು ದಿನ ಉಳಿದಾಗ ನಾನೇ ಒಂದು ಅವಘಡ ಮಾಡಿದೆ. ಮುಂಜಾನಿ ಎದ್ದು ಕಂಪ್ಯೂಟರಿನ್ಯಾಗ ನೋಡ್ತೀನಿ, ಆಕಿ ಆಕಾಶಕ್ಕ ಕರೀ ಮಾಡ ಹಾಕಿದ್ದಳು. ಅಂಗಳದಾಗ ಕೆಂಪು ಮೆಣಸಿನಕಾಯಿ ಹಾಸಿತ್ತು. ಜೀವ ತಡೀಲಿಲ್ಲ. ಮೆಣಸಿನಕಾಯಿ ಒಳಗ ಎಳೆದಿಟ್ಟೆ. ಮಲಗೋ ಹೊರಸೂ ಎಳೆದೆ. ಕರಾನೂ ಒಳಗ ಕಟ್ಟಿದೆ. ಆಕಿ ಅವಸರದಾಗ ಬಂದು, ಚಿತ್ರ ಇಳಿಸೋ ಗುಂಡಿ ಒತ್ತಿ ಬಸ್ಸಿಗೆ ಓಡಿದಳು. ಮಶೀನು ಇಡೀ ದಿನ ಗುರ್ ಅಂತ ಒಂದೊಂದೇ ಚಿತ್ರ ಇಳಿಸಿ ಸೀನು ಮಾಡಿತು.

ಸಂಜಿಗೆ ಬಂದು ನೋಡಿದಳು. "ಆಯಿ, ಮೆಣಸಿನಕಾಯಿ ಎಲ್ಲಿ?"

"ಒಳಗ ಇಟ್ಟೀನಿ."

"ಯಾಕ?"

"ಮಾಡ ಹಾಕಿದಲ್ಲ ನೀ. ತೋಯ್ದ್ರ ಕರ್ರಗಾಗ್ತಾವ."

"ಅದು ಹೊತ್ತು ಮುಳುಗೂದು ತೋರಸಾಕ ಹಾಕಿದ್ದು. ಮಳಿ ಬರಂಗಿಲ್ಲ ಅದರಾಗ."

"ಅದು ನಿನಗ ಗೊತ್ತು. ಮೆಣಸಿನಕಾಯಿ ಹಾಕಿದಾಕಿಗೆ ಗೊತ್ತೇನು?"

ಹುಡುಗಿಗೆ ನಗು ಬರಲಿಲ್ಲ. ಹಿಂದಿನ ಸೀನಿನ್ಯಾಗ ಅಂಗಳ ತುಂಬ ಸಾಮಾನು, ಮುಂದಿನದರಾಗ ಅಂಗಳ ಬೋಳು. ಒಂದು ದಿನದ ಕೆಲಸ ಹಾಳಾತು. ಸೊಸಿ ಒಳಗಿಂದ "ಇನ್ನ ಮ್ಯಾಲ ಅತ್ತಿ ಕೈಗೆ ಅದನ್ನ ಕೊಡಬ್ಯಾಡ" ಅಂದಳು. ಡಬ್ಬಿ ಬಾಗಲ ಹಿಂದ ಹಂಗೇ ಕುಂತಿತ್ತು. ಅವತ್ತು ಅದರ ಮುಂದ ನಾನೂ ಗ್ವಾಡಿಗೆ ಹತ್ತಿ ನಡೆದೆ.

ಮರುದಿನ ಕೈ ಕಟ್ಕೊಂಡು ದೂರ ಕುಂತೆ. ಆಕಿ ಎಲ್ಲಾ ಸಾಮಾನು ಮತ್ತ ಅಂಗಳಕ್ಕ ತಂದಳು. ಉಳಿದದ್ದು ಒಂದೇ ಸೀನು: ಗೊಂಬಿ ಬಂದು, ತಲಿ ಮ್ಯಾಲಿನ ಕೊಡ ಇಳಿಸಿ ಅಂಗಳದಾಗ ಇಡಬೇಕು. ಅದರೊಳಗಿನ ಕೊಡಕ್ಕೂ ಖರೇ ಕೊಡದಂಗ ಭಾರ ಇರ್ತದಂತ. ಗೊಂಬಿ ಇಟ್ಟಳು. ಕೊಡ ವಾಲಿತು, ಉರುಳಿತು, ಉರುಳಿಕೊಂತ ಅಂಗಳ ದಾಟಿ ಹೋತು. ಅಲ್ಲಿಗೆ ಆಕಿ ಮಾಡಿದ ಭೂಮಿ ಮುಗೀತು. ಅಲ್ಲಿಂದ ಕೆಳಗ ಬಿತ್ತು.

ಕೊಡದ ಭಾರ ಹೆಚ್ಚು ಮಾಡಿದಳು. ಅದು ನೆಲದಾಗ ಅರ್ಧ ಹುಗೀತು. ಗೊಂಬಿ ಕೈಗೇ ಅಂಟಿಸಿದಳು. ಗೊಂಬಿ ಎದ್ದು ನಡೆದ್ರ ಕೈ ಕೊಡದ ಹತ್ರ ಉಳಿದು, ಹಗ್ಗ ಜಗ್ಗಿಧಂಗ ಉದ್ದಾತು. ನಗಬಾರದು ಅಂತ ಸೆರಗು ಬಾಯಿಗೆ ಇಟ್ಕೊಂಡೆ. ಆದ್ರ ಆಕಿ ಕಣ್ಣಾಗ ನೀರು. "ನಾಳಿಗೆ ಕಳಸಬೇಕು ಆಯಿ. ಎಲ್ಲಿ ತಪ್ಪ್ಯಾದ ತಿಳೀವಲ್ದು."

ಆಗ ನಾನು ಕೊಡಾನ ನೋಡಿದೆ. ಆಕಿ ನಾನು ಹೇಳಿಧಂಗ ದುಂಡು ತಳದ ಮಣ್ಣಿನ ಕೊಡ ಮಾಡಿದ್ದಳು. ಆದ್ರ ಆಕಿ ಹುಟ್ಟಿದಾಗಿಂದ ನೋಡಿದ್ದು ತಳ ಸಪಾಟಿರೋ ಪ್ಲಾಸ್ಟಿಕ್ ಕೊಡ.

"ಸಿಂಬಿ ಎಲ್ಲಿ ಅದ?" ಅಂದೆ.

"ಅಂದ್ರ?"

ಹಳೀ ಸೀರಿ ಹರಿದು, ಹೊಸೆದು, ಬಳಿ ಹಂಗ ಸುತ್ತಿದೆ. ಬ್ಯಾಸಗಿಗೆ ತಂದ ನೀರಿನ ಮಡಿಕಿ ಖಾಲಿ ಮಾಡಿ ನೆಲದ ಮ್ಯಾಲ ಬಿಟ್ಟೆ, ಉರುಳಿತು. ಸಿಂಬಿ ಮ್ಯಾಲ ಇಟ್ಟೆ, ನಿಂತಿತು. "ತಲಿ ಮ್ಯಾಲ ಇದೇ, ನೆಲದ ಮ್ಯಾಲೂ ಇದೇ. ಇದು ಇಲ್ಲದ ಕೊಡ ಇಡಬೇಕಂದ್ರ ನನ್ನಿಂದಾನೂ ಆಗಂಗಿಲ್ಲ, ನಿನ್ನ ಗೊಂಬಿ ಏನು ಮಾಡ್ತಾಳ?"

ಹುಡುಗಿ ನನ್ನ ಸಿಂಬಿನ ಕೈಯಾಗ ಹೊಳ್ಳಿಸಿ ಹೊಳ್ಳಿಸಿ ನೋಡಿ, ಕಂಪ್ಯೂಟರಿನ್ಯಾಗ ಹಂಗೇ ಒಂದು ಮಾಡಿದಳು, ಹರಕ ಅಂಚಿನ ಸಮೇತ. ಗೊಂಬಿ ಮೊದಲು ಸಿಂಬಿ ಇಟ್ಟಳು, ಅದರ ಮ್ಯಾಲ ಕೊಡ ಇಟ್ಟಳು. ಕೊಡ ಒಂದೀಟು ಅಲುಗಾಡಿ ನಿಂತುಬಿಟ್ಟಿತು. ಮರುದಿನ ಸಿನಿಮಾ ಹೋತು.

ಇವತ್ತು ಫೋನ್ ಬಂದಾಗ ಮಗ ಮನ್ಯಾಗೇ ಇದ್ದ. ಹುಡುಗಿ ಮಾತು ಮುಗಿಸಿ ಬಂದು, "ಅಪ್ಪ, ಆರಿಸ್ಯಾರ. ಸಿಂಬಿ ಇಡೋದು ಯಾರು ಹೇಳಿಕೊಟ್ರು ಅಂತ ಕೇಳಿದ್ರು" ಅಂದಳು. ಅವ "ಹೂಂ" ಅಂದು ಪ್ಯಾಟಿಗೆ ಹೋಗಿ ಬೆಲ್ಲ, ಕಡ್ಲಿಬ್ಯಾಳಿ ತಂದ.

ಸಂಜಿಗೆ ಸೋದರಮಾವನ ಮನ್ಯೋರನ್ನೂ ಊಟಕ್ಕ ಕರೆದ್ವಿ. ಹೋಳಿಗಿ, ಎಣ್ಣಿಗಾಯಿ, ಬಿಸಿ ರೊಟ್ಟಿ. ಕುಂಡ್ರಾಕ ಚಾಪಿ ಸಾಲಲಿಲ್ಲ. ಮಗ ಎದ್ದು ಬಾಗಲ ಹಿಂದಿನ ಡಬ್ಬಿ ತಂದ, ನಾಕೂ ಮೂಲಿ ಹರಿದು ನೆಲಕ್ಕ ಹಾಸಿ, ಅದರ ಮ್ಯಾಲ ತಾನೇ ಕುಂತ.

"ಅಲ್ಲಪಾ, ಡಬ್ಬಿನೇ ಹರಿದ್ರ ನನ್ನ ಮಶೀನು ಹೆಂಗ ಒಯ್ಯಲಿ?" ಅಂದ ಸೋದರಮಾವ.

"ಯಾಕ ಒಯ್ತಿ? ಇಲ್ಲೇ ಜಗಾ ಅದ, ಬಾ. ಉಣ್ಣು" ಅಂದ ನನ್ನ ಮಗ.

ಮೊಮ್ಮಗಳು ಅಪ್ಪನ ತಾಟಿಗೆ ಮೊದಲ ಹೋಳಿಗಿ ಹಾಕಿ, ಆ ರಟ್ಟಿನ ಮ್ಯಾಲೇ ಅವನ ಮಗ್ಗಲಕ್ಕ ಕುಂತಳು. ನಾನು ತುಪ್ಪ ಬಡಸಾಕ ಎದ್ದೆ.