ವಾಪಸ್ ಬಂದ ಬಾಗಿನ

ನಮ್ಮ ಕಡೆ ನದಿ ಎಂದರೆ ವೃಷಭಾವತಿ. ಕೆಂಗೇರಿ ದಾಟುವಾಗ ಬಸ್ಸಿನ ಕಿಟಕಿ ಎಳೆದು, ಮೂಗಿಗೆ ಕರ್ಚೀಫು ಹಿಡಿಯುವುದೇ ನಾವು ಅವಳಿಗೆ ಸಲ್ಲಿಸುವ ಗೌರವ. ಹಾಗಾಗಿ ಚೀನಾದ ಆ ಹಳೆಯ ಊರಿನಲ್ಲಿ, ಮೊದಲ ಬೆಳಿಗ್ಗೆ ನಮ್ಮ ಕೋಣೆಯ ಕಿಟಕಿ ತೆರೆದು ಕೆಳಗೆ ಹೊಳೆ ಕಂಡಾಗ ನನ್ನ ಕೈ ತಾನಾಗಿ ಮೂಗಿಗೆ ಹೋಯಿತು. ಆಮೇಲೆ ನಕ್ಕು ತೆಗೆದೆ. ಒದ್ದೆ ಕಲ್ಲಿನ ವಾಸನೆ, ಎಲ್ಲೋ ಅನ್ನ ಬೇಯುತ್ತಿದ್ದ ವಾಸನೆ, ಅಷ್ಟೇ.

ನನ್ನನ್ನೂ ನಾದಿನಿಯನ್ನೂ ಕರೆಸಿಕೊಂಡವಳು ನಾದಿನಿಯ ಮಗಳು. ಅಲ್ಲಿನ ಒಂದು ಪಟ್ಟಣದಲ್ಲಿ ಯೋಗ ಹೇಳಿಕೊಡುತ್ತಾಳೆ. ಸೈಟ್‌ಸೀಯಿಂಗ್ ಎಂದು ದಿನಕ್ಕೊಂದು ಊರು ಸುತ್ತುವುದು ಬೇಡ, ಒಂದೇ ಕಡೆ ವಾರವಿಡೀ ಸುಮ್ಮನೆ ಕೂರೋಣ ಎಂದಿದ್ದಳು. ನನಗೂ ಅದೇ ಬೇಕಿತ್ತು. ಎಪ್ಪತ್ತನಾಲ್ಕು ವರ್ಷದ ಮಂಡಿಗಳಿಗೆ ಅದಕ್ಕಿಂತ ಒಳ್ಳೆಯ ಐಟಿನೆರರಿ ಇಲ್ಲ.

ಬೆಳಿಗ್ಗೆ ದಂಡೆಯ ಟೀ ಅಂಗಡಿಯ ಬಿದಿರು ಕುರ್ಚಿಗಳಲ್ಲಿ ಕೂತರೆ ಮಧ್ಯಾಹ್ನದವರೆಗೆ ಏಳುವ ಮಾತಿಲ್ಲ. ಗ್ಲಾಸಿಗೆ ಒಂದು ಚಿಟಿಕೆ ಎಲೆ ಹಾಕಿ, ಪಕ್ಕದಲ್ಲಿ ಬಿಸಿನೀರಿನ ಫ್ಲಾಸ್ಕ್ ಇಟ್ಟು ಹೋಗುತ್ತಾರೆ. ಅದೇ ಎಲೆಗೆ ಎಷ್ಟು ಸಲ ಬೇಕಾದರೂ ನೀರು ಸುರಿದುಕೊಳ್ಳಬಹುದು. ನಾದಿನಿ ಮೊದಲ ದಿನ ಅದನ್ನು ಸೊಪ್ಪು ತೊಳೆದ ನೀರು ಎಂದಳು. ಮೂರನೆಯ ದಿನ ಫ್ಲಾಸ್ಕಿಗೆ ಮೊದಲು ಕೈ ಚಾಚಿದವಳು ಅವಳೇ. ಪಕ್ಕದ ಮೇಜಿನಲ್ಲಿ ಮುದುಕರು ಮರದ ಬಿಲ್ಲೆಗಳಿಂದ ಚೆಸ್ಸಿನಂಥದೇನೋ ಆಡುತ್ತಿದ್ದರು. ಆಡುವವರು ಇಬ್ಬರು, ತಪ್ಪು ಹೇಳುವವರು ಎಂಟು ಮಂದಿ. ನಮ್ಮ ರಾಜಾಜಿನಗರದ ಪಾರ್ಕಿನ ಕಲ್ಲುಬೆಂಚನ್ನೇ ಎತ್ತಿಕೊಂಡು ಬಂದು ಇಟ್ಟಂತಿತ್ತು.

ಆ ವಾರದಲ್ಲೇ ಗೌರಿ ಹಬ್ಬ ಬಿದ್ದಿತ್ತು. ಮದುವೆಯಾದಾಗಿನಿಂದ ನಾದಿನಿ ಒಂದು ವರ್ಷವೂ ಬಾಗಿನ ತಪ್ಪಿಸಿದವಳಲ್ಲ. ಈ ವರ್ಷವಂತೂ ಗಂಡನಿಗೆ ಹಾರ್ಟ್ ಆಪರೇಷನ್ ಆಗಿತ್ತು. ಬಸವೇಶ್ವರನಗರದಿಂದಲೇ ಅಕ್ಕಿ ಕೇರುವಂಥ ಸಣ್ಣ ಬಿದಿರು ಮರಗಳನ್ನು ಒಂದು ಜೊತೆ ಟವೆಲಿನಲ್ಲಿ ಸುತ್ತಿ ಸೂಟ್‌ಕೇಸಿನಲ್ಲಿ ತಂದಿದ್ದಳು. ಕೊಡಲು ಮುತ್ತೈದೆಯರು ಸಿಗದಿದ್ದರೇನು, ಗಂಗೆ ಇದ್ದಾಳಲ್ಲ, ಹೊಳೆಗೇ ಬಿಡುತ್ತೇನೆ ಎಂದಳು.

ಇಲ್ಲಿ ನನ್ನ ಮಾತೂ ಸ್ವಲ್ಪ ಹೇಳಬೇಕು. ನಾನು ಕಾನ್ವೆಂಟಿನಲ್ಲಿ ಓದಿದವಳು. ಆಮೇಲೆ ಅಂಥದೇ ಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್ ಆಗಿ, 'ಸ್ಟ್ಯಾಂಡ್ ಸ್ಟ್ರೇಟ್, ಸ್ಪೀಕ್ ಅಪ್' ಎಂದು ಹುಡುಗಿಯರಿಗೆ ಹೇಳಿಯೇ ರಿಟೈರ್ ಆದೆ. ಆದರೆ ನಮ್ಮ ಯಜಮಾನರು ಹೋದ ಮೇಲೆ, ಎಂಟು ವರ್ಷ, ಗೌರಿ ಹಬ್ಬದ ದಿನ ನಾದಿನಿಯ ಮನೆಯಲ್ಲಿ ಬಾಗಿನದ ಹೊತ್ತಿಗೆ ಸರಿಯಾಗಿ ಎದ್ದು ಅಡುಗೆಮನೆಗೆ ಹೋಗುತ್ತಿದ್ದೆ. ಹೋಗು ಎಂದು ಯಾರೂ ಹೇಳಿರಲಿಲ್ಲ. ಇರು ಎಂದೂ ಯಾರೂ ಹೇಳಿರಲಿಲ್ಲ. ಅಂಗಡಿ ಒಬ್ಬಟ್ಟು ಎಂದರೆ ನಾದಿನಿಗೆ ಆಗುವುದಿಲ್ಲ, ಯಾರಾದರೂ ಒಬ್ಬರು ಒಲೆಯ ಮುಂದೆ ನಿಲ್ಲಲೇಬೇಕು. ನಡುಮನೆಯಲ್ಲಿ ಹೆಂಗಸರು ಸೆರಗಿನಡಿ ಮರ ಹಿಡಿದು ಮೂರು ಸಲ ಅತ್ತಿತ್ತ ಮಾಡುವ ಬಳೆಯ ಸದ್ದು ಕೇಳಿಸುತ್ತಿತ್ತು. ನನಗೆ ಕುಂಕುಮದ ಆಸೆ ಇರಲಿಲ್ಲ. ಕೊಡುವ ಕೆಲಸ ಬೇಕಿತ್ತು. ಅದನ್ನು ಒಂದು ದಿನವೂ ಬಾಯಿಬಿಟ್ಟು ಕೇಳಲಿಲ್ಲ.

ಹಬ್ಬದ ಬೆಳಿಗ್ಗೆ ನಾದಿನಿ ರೇಷ್ಮೆ ಸೀರೆಯುಟ್ಟು ಕಲ್ಲಿನ ಮೆಟ್ಟಿಲು ಇಳಿದಳು. ಮರದೊಳಗೆ ಬಳೆ, ಬಾಚಣಿಗೆ, ಪುಟ್ಟ ಕನ್ನಡಿ, ಅರಿಶಿನ ಕುಂಕುಮ, ಹಸಿರು ರವಿಕೆ ಕಣ. ತೆಂಗಿನಕಾಯಿ, ಬೇಳೆಗಳನ್ನು ಏರ್‌ಪೋರ್ಟಿನಲ್ಲಿ ಬಿಡುವುದಿಲ್ಲ ಎಂದು ಮಗಳು ಮೊದಲೇ ಹೇಳಿದ್ದರಿಂದ ಅಲ್ಲಿಯದೇ ಅಕ್ಕಿ, ಎರಡು ಮರಸೇಬು. ಇನ್ನೊಂದು ಮರ ಮುಚ್ಚಿ ದಾರ ಕಟ್ಟಿದ್ದಳು. ನಾನು ಕುರ್ತಾ, ಪ್ಯಾಂಟು, ಕ್ಯಾನ್ವಾಸ್ ಶೂ ಹಾಕಿಕೊಂಡು, ಅಭ್ಯಾಸದಂತೆ ಮೇಲಿನ ಮೆಟ್ಟಿಲಲ್ಲೇ ಬ್ಯಾಗು ಹಿಡಿದು ನಿಂತೆ.

ಬಾಗಿನ ತೇಲಿತು. ಚೆನ್ನಾಗಿಯೇ ತೇಲಿತು. ನಾದಿನಿ ಕಣ್ಣು ಮುಚ್ಚಿ ಕೈ ಮುಗಿದಳು.

ಸ್ವಲ್ಪ ಕೆಳಗೆ ಒಬ್ಬ ಹೆಂಗಸು ಮರದ ಹಲಗೆಯಿಂದ ಬಟ್ಟೆ ಬಡಿಯುತ್ತಿದ್ದಳು. ಅರವತ್ತರ ಆಸುಪಾಸು, ಮಡಚಿದ ಪ್ಯಾಂಟು, ಎದೆಯಿಂದ ಮಂಡಿಯವರೆಗೆ ಏಪ್ರನ್. ತೇಲಿ ಬರುವುದನ್ನು ನೋಡಿದವಳೇ ನೀರಿಗಿಳಿದು, ಹಲಗೆಯಿಂದ ಅದನ್ನು ಎಳೆದುಕೊಂಡು, ಓಡುತ್ತಾ ಬಂದಳು. ಅವಳಿದ್ದ ಕಡೆಯ ಮೆಟ್ಟಿಲು ನಾನು ನಿಂತಲ್ಲಿಗೇ ಹತ್ತುತ್ತಿತ್ತು. ಏದುಸಿರು ಬಿಡುತ್ತಾ ಏನೋ ಸಮಾಧಾನ ಹೇಳಿ, ನೀರು ಸುರಿಯುತ್ತಿದ್ದ ಮರವನ್ನು ನನ್ನ ಎರಡೂ ಕೈಗೆ ಇಟ್ಟಳು.

ನಮ್ಮ ಸಾಮಾನು ಕೈಜಾರಿ ಬಿತ್ತು ಎಂದುಕೊಂಡಿದ್ದಾಳೆ ಎಂದು ಮಗಳು ನಗುತ್ತಾ ಹೇಳಿದಳು. ನಾದಿನಿಗೆ ನಗು ಬರಲಿಲ್ಲ. ಮುಖ ಬಿಳುಚಿಕೊಂಡಿತ್ತು. ಗಂಗೆ ಬೇಡ ಎಂದಳೇ? ಅದೂ ಈ ವರ್ಷವೇ? ಬೇಗ ಬೇಗ ಮೇಲೆ ಹತ್ತಿ ಬಂದು ಕೈ ಚಾಚಿದಳು.

"ಇಲ್ಲಿ ಕೊಡಿ ಅತ್ತಿಗೆ, ಇನ್ನೊಂದ್ ಸಲ ಬಿಟ್ಬಿಡ್ತೀನಿ."

"ಅವ್ರು ಇನ್ನೊಂದ್ ಸಲ ತಂದ್ಕೊಡ್ತಾರೆ ಅಷ್ಟೇ," ಎಂದಳು ಮಗಳು.

ನನ್ನ ಕೈಗಳು ಮರ ಬಿಡಲಿಲ್ಲ. ಬಿದಿರಿನ ಅಂಚು, ಒಳಗೆ ಬಳೆ ಅಲುಗುವುದು, ಆ ಭಾರ ಎಲ್ಲವೂ ಅವಕ್ಕೆ ನೆನಪಿತ್ತು. ಎದುರಿಗೆ ಆ ಹೆಂಗಸು, ತೊಡೆಯವರೆಗೆ ಒದ್ದೆಯಾಗಿ, ಎಲ್ಲ ಸರಿಹೋಯಿತಲ್ಲ ಎಂಬಂತೆ ನೋಡುತ್ತಿದ್ದಳು. ಬೆನ್ನು ನೆಟ್ಟಗೆ ಮಾಡಿಕೊಂಡೆ.

"ಗಂಗೆ ಬೇಡ ಅಂದಿಲ್ಲ ಕಣೇ. ಇವರ ಕೈಲಿ ಕಳಿಸಿದಾಳೆ, ಇವರಿಗೇ ಕೊಡೋಣ," ಎಂದೆ. "ಬಂದಿರೋದು ನನ್ನ ಕೈಗೆ. ನಾನೇ ಕೊಡ್ತೀನಿ."

ನಾದಿನಿ ನನ್ನನ್ನೂ ಮರವನ್ನೂ ನೋಡಿದಳು. ಅವಳಿಗೆ ಅರ್ಥವಾಗಲಿಲ್ಲ ಎಂದೇನಿಲ್ಲ. ಎಂಟು ವರ್ಷದ ಒಬ್ಬಟ್ಟು ತಿಂದವಳು. ನಾನು ಕಾದೆ, ಆದರೆ ಮರ ಹಿಡಿದೇ ಕಾದೆ.

"ಬರೀ ಕೈಲಿ ಕೊಡಬಾರದು ಅತ್ತಿಗೆ," ಎಂದಳು ಕೊನೆಗೆ. "ಸೆರಗು ಬೇಕು."

ನನಗೆಲ್ಲಿಯ ಸೆರಗು? ಅವಳೇ ಪಕ್ಕಕ್ಕೆ ಬಂದು, ತನ್ನ ರೇಷ್ಮೆ ಸೆರಗನ್ನು ನನ್ನ ಕೈಗಳ ಮೇಲೆ, ಮರದ ಮೇಲೆ ಹರಡಿದಳು.

ಮರವನ್ನು ಆ ಹೆಂಗಸಿನ ಕಡೆ ಚಾಚಿದೆ. ಅವಳು ಗಾಬರಿಯಾಗಿ, ತಲೆಯಾಡಿಸಿ, ನನ್ನ ಕಡೆಗೇ ತಳ್ಳಿದಳು. ಮತ್ತೆ ಕೊಟ್ಟೆ, ಮತ್ತೆ ತಳ್ಳಿದಳು. ಇಲ್ಲಿ ಏನೇ ಕೊಟ್ಟರೂ ಎರಡು ಮೂರು ಸಲ ಬೇಡ ಎನ್ನಬೇಕು, ಕೂಡಲೇ ತೆಗೆದುಕೊಂಡರೆ ಮರ್ಯಾದೆಯಲ್ಲ ಎಂದು ಮಗಳು ಹಿಂದಿನಿಂದ ವಿವರಿಸುತ್ತಿದ್ದಳು. ನಾನು ಕೇಳಿಸಿಕೊಳ್ಳುತ್ತಿರಲಿಲ್ಲ. ಮರ ಅತ್ತ ಹೋಗಿ ಇತ್ತ ಬರುತ್ತಿತ್ತು, ಒಳಗೆ ಬಳೆ ಸದ್ದು ಮಾಡುತ್ತಿತ್ತು, ನಾದಿನಿ ತುಟಿಯಲ್ಲೇ ಎಣಿಸುತ್ತಿದ್ದಳು. ಮೂರನೆಯ ಸಲ ಆ ಹೆಂಗಸು ಏಪ್ರನ್ನಿನ ಅಂಚಿಗೆ ಕೈ ಒರೆಸಿಕೊಂಡು, ಅದೇ ಅಂಚನ್ನು ಎರಡೂ ಕೈಯಲ್ಲಿ ಹಿಡಿದು, ಮರವನ್ನು ಅದರೊಳಗೆ ತೆಗೆದುಕೊಂಡಳು. ಯಾರೂ ಹೇಳಿಕೊಡದೆ.

ಆಮೇಲೆ ಅವಳು ಕೆಳಗೆ ಹೋಗಿ, ಬುಟ್ಟಿಯಿಂದ ನಾಲ್ಕು ತಾವರೆಕಾಯಿ ತಂದು ನನಗೆ ಚಾಚಿದಳು. ಟೀಚರ್ ಆಗಿದ್ದವಳು ನಾನು, ಪಾಠ ಬೇಗ ಕಲಿಯುತ್ತೇನೆ. ಎರಡು ಸಲ ಬೇಡ ಎಂದೆ. ಮೂರನೆಯ ಸಲಕ್ಕೆ ತೆಗೆದುಕೊಂಡೆ.

ಟೀ ಅಂಗಡಿಯಲ್ಲಿ ಕೂತು ಹಸಿರು ಬೀಜ ಬಿಡಿಸಿಕೊಂಡು ತಿಂದೆವು. ಹಸಿ ಕಡಲೆಕಾಯಿಯ ರುಚಿ. ನಾದಿನಿ ತನ್ನ ಗ್ಲಾಸಿಗೆ ನೀರು ಸುರಿದುಕೊಂಡಳು. ಆಮೇಲೆ ನನ್ನ ಗ್ಲಾಸಿಗೂ ಬಿಸಿನೀರು ಸುರಿದಳು.

"ಮುಂದಿನ ವರ್ಷ ಒಬ್ಬಟ್ಟು ಅಂಗಡಿಯಿಂದಾನೇ ತರಿಸೋಣ ಅತ್ತಿಗೆ," ಎಂದಳು.