ಬೆಲೀಜ್ ಫುಟ್‌ಬಾಲಿನ ಇತಿಹಾಸದಲ್ಲಿ ನನ್ನ ಪಾತ್ರ

ಇವತ್ತು ಭಾನುವಾರ. ಬೆಳಿಗ್ಗೆಯೇ ಕೆಳಗಿನ ಮನೆಯಿಂದ ತೆಂಗಿನ ಹಾಲಿನಲ್ಲಿ ಅನ್ನ ಬೇಯುವ ವಾಸನೆ ಬಂತು. ಅಮೆರಿಕದ ಈ ಮೆಟುಚೆನ್‌ನಲ್ಲಿ ಇಂಥ ವಾಸನೆ ಬಂದರೆ ಉಡುಪಿ ಕಡೆಯವರು ಯಾರೋ ಬಂದಿದ್ದಾರೆ ಎಂದುಕೊಳ್ಳುವುದು ಸಹಜ. ಎಂಟು ವರ್ಷದ ಹಿಂದೆ ನಾನೂ ಹಾಗೆಂದುಕೊಂಡು, ಇಳಿದುಹೋಗಿ ಬಾಗಿಲು ತಟ್ಟಿ, "ಯಾವ ಊರಾಯ್ತು?" ಎಂದು ಕನ್ನಡದಲ್ಲೇ ಕೇಳಿದ್ದೆ. ಬಾಗಿಲು ತೆರೆದವನು ಆರಡಿಯ ಆಳು, ಕೈಯಲ್ಲಿ ಸೌಟು. ನಾನು ಗಾಬರಿಯಾಗಿ ಪ್ರಶ್ನೆಯನ್ನು ಇಂಗ್ಲಿಷಿಗೆ ತಿರುಗಿಸಿದೆ. "ಬೆಲೀಜ್" ಎಂದ. ಎಲ್ವಿನ್ ಎಂದು ಅವನ ಹೆಸರು. ಸ್ಕೂಲ್ ಬಸ್ ಓಡಿಸುತ್ತಾನೆ.

ಬೆಲೀಜ್ ಎಲ್ಲಿದೆ ಎಂದು ನಿಮಗೆ ಗೊತ್ತಿಲ್ಲದಿದ್ದರೆ ಸಂಕೋಚ ಬೇಡ, ನನಗೂ ಗೊತ್ತಿರಲಿಲ್ಲ. ಮೆಕ್ಸಿಕೊದ ಕೆಳಗೆ ಸಮುದ್ರಕ್ಕೆ ಒರಗಿಕೊಂಡು ಕುಳಿತ ದೇಶ. ನಮ್ಮ ಒಂದೆರಡು ತಾಲೂಕಿನಷ್ಟು ಜನ. ನಮ್ಮನ್ನು ಆಳಿದ ಇಂಗ್ಲಿಷರೇ ಅವರನ್ನೂ ಆಳಿದರು. ನಮಗೆ ಕ್ರಿಕೆಟ್ಟಿನ ಹುಚ್ಚು ಹಿಡಿಸಿ ಹೋದರು, ಅವರಿಗೆ ಫುಟ್‌ಬಾಲಿನದು.

ನಾನು ಹಾಸ್ಟೆಲಿನ ಗಂಟೆಗೆ ಎದ್ದು, ಗಂಟೆಗೆ ಉಂಡು, ಗಂಟೆಗೆ ಮಲಗಿ ಬೆಳೆದವನು. ಹಾಸ್ಟೆಲ್ ಬಿಟ್ಟು ಐವತ್ತು ವರ್ಷವಾದರೂ ಗಂಟೆ ನನ್ನನ್ನು ಬಿಟ್ಟಿರಲಿಲ್ಲ. ಭಾನುವಾರ ಏಳಕ್ಕೆ ಸರಿಯಾಗಿ ಪಾರ್ಕಿನ ಮೈದಾನಕ್ಕೆ ಹತ್ತು ಸುತ್ತು. ಎಲ್ವಿನ್ ಜೊತೆಗೆ ಬರತೊಡಗಿದ; ಬಂದವನು ತನ್ನ ದೇಶದ ಫುಟ್‌ಬಾಲಿನ ಇತಿಹಾಸ ಹೇಳತೊಡಗಿದ. ಮೊದಲಿನಿಂದ ಕ್ರಮವಾಗಿ ಹೇಳಬೇಕೆಂದು ನಾನು ಷರತ್ತು ಹಾಕಿ, ನೋಟ್‌ಬುಕ್ ತಂದು ಅಧ್ಯಾಯಗಳನ್ನೂ ಗುರುತಿಸಿಟ್ಟೆ: ಆರಂಭ, ಬೆಳವಣಿಗೆ, ಸುವರ್ಣಯುಗ. ಸುವರ್ಣಯುಗದ ಪುಟ ಖಾಲಿಯೇ ಉಳಿಯಿತು. ಅವನ ಪ್ರತಿ ಕಥೆಯೂ ಸೋಲಿನಲ್ಲಿ ಮುಗಿಯುತ್ತಿತ್ತು. ಒಂದು ಮ್ಯಾಚಿನಲ್ಲಿ ಮಳೆ. ಒಂದರಲ್ಲಿ ಗೋಲ್‌ಕೀಪರನ ಮದುವೆ. ಇನ್ನೊಂದರಲ್ಲಿ ಚೆಂಡು ಮಾವಿನ ಮರದಲ್ಲಿ ಸಿಕ್ಕಿಕೊಂಡು, ಇಳಿಸಲು ಹತ್ತಿದ ಮೂವರು ಹಣ್ಣು ತಿನ್ನುತ್ತಾ ಅಲ್ಲೇ ಕುಳಿತುಬಿಟ್ಟರು.

"ಗೆದ್ದದ್ದು ಒಂದಾದರೂ ಹೇಳಪ್ಪಾ" ಎಂದೆ.

"ಗೆದ್ದದ್ದನ್ನ ಎಲ್ಲರೂ ನೆನಪಿಡ್ತಾರೆ, ಚೀಫ್. ಸೋತದ್ದಕ್ಕೆ ನಾನೊಬ್ಬನೇ" ಎಂದ. ಅವನ ಇಂಗ್ಲಿಷಿಗೆ ಇದು ನನ್ನ ಕನ್ನಡ. ಚೀಫ್ ಎಂದರೆ ನಾನು.

ಆ ಇತಿಹಾಸದಲ್ಲಿ ಅವನದೂ ಒಂದು ಪುಟವಿತ್ತು. ಏಳನೇ ವಯಸ್ಸಿನಿಂದ ಆಡಿದವನು, ಜೀವಮಾನದಲ್ಲಿ ಒಂದೂ ಗೋಲು ಹೊಡೆದಿರಲಿಲ್ಲ. ಇಲ್ಲಿಗೆ ಬಂದ ಮೇಲೆ ಈ ಊರಿನವರನ್ನು ಕಟ್ಟಿಕೊಂಡು ಪಾರ್ಕಿನಲ್ಲಿ ಆಡುತ್ತಿದ್ದ. ಅಷ್ಟರಲ್ಲಿ ಮಂಡಿ ಕೈಕೊಟ್ಟಿತು. ಸೋಮವಾರ ಆಪರೇಷನ್, ಹಿಂದಿನ ದಿನ ಭಾನುವಾರ ಪಕ್ಕದ ಊರು ಎಡಿಸನ್ನಿನ ತಂಡದ ಮೇಲೆ ಕೊನೆಯ ಮ್ಯಾಚ್. "ಒಂದು ಗೋಲು, ಚೀಫ್. ಒಂದೇ ಒಂದು" ಎಂದ.

ಆ ಭಾನುವಾರ ರೆಫ್ರಿ ಬರಲಿಲ್ಲ. ನನ್ನ ಕೈಯಲ್ಲಿ ವಾಚಿತ್ತು, ಕೊರಳಲ್ಲಿ ನಾಯಿಗಳನ್ನು ಹೆದರಿಸುವ ಸೀಟಿಯಿತ್ತು. ಎಲ್ಲರೂ ನನ್ನನ್ನೇ ನಿಲ್ಲಿಸಿದರು. ವಯಸ್ಸಾದವರ ಆಟ, ಮೂವತ್ತು ನಿಮಿಷದ ಎರಡು ಭಾಗ. ಇಷ್ಟು ಸುಲಭದ ಕೆಲಸ ನನಗೆ ಹಿಂದೆಂದೂ ಸಿಕ್ಕಿರಲಿಲ್ಲ.

ನಡುವೆ ಚೆಂಡು ಪೊದೆಗೆ ಬಿದ್ದು, ಹುಡುಕುವುದರಲ್ಲಿ ನಾಲ್ಕು ನಿಮಿಷ ಹೋಯಿತು. ಹೋಗಲಿ ಬಿಡಿ, ಗಡಿಯಾರಕ್ಕೇನು ಗೊತ್ತು ಪೊದೆ. ಕೊನೆಗೆ ಚೆಂಡು ಎಲ್ವಿನ್ನನ ಕಾಲಿಗೆ ಬಂತು. ಹಾಳಾದ ಮಂಡಿಯಲ್ಲೇ ಒದ್ದ. ಚೆಂಡು ಗಾಳಿಯಲ್ಲಿತ್ತು, ನನ್ನ ಕಣ್ಣು ವಾಚಿನ ಮುಳ್ಳಿನ ಮೇಲಿತ್ತು. ಅರವತ್ತು ನಿಮಿಷ. ಊದಿದೆ.

ತಲೆಯೆತ್ತಿದರೆ ಚೆಂಡು ಬಲೆಯೊಳಗೆ. ಎಲ್ವಿನ್ ಶರ್ಟು ಬಿಚ್ಚಿ ಬೀಸುತ್ತಾ ಕುಂಟಿಕೊಂಡು ಓಡುತ್ತಿದ್ದ. "ಸೀಟಿ ಮೊದಲು!" ಎಂದು ಎಡಿಸನ್ನಿನವರು ಕೂಗಿದರು. ನಾನು ವಾಚು ತೋರಿಸಿ, "ಹೌದು, ಸೀಟಿ ಮೊದಲು" ಎಂದೆ. ಎಲ್ವಿನ್ ನಿಂತ. ಶರ್ಟನ್ನು ಹಾಕಿಕೊಳ್ಳಲು ಹೋಗಿ ತೋಳಿಗೆ ತಲೆ ತೂರಿಸಿದ. ಯಾರೂ ನಗಲಿಲ್ಲ.

ಪೊದೆಯಲ್ಲಿ ಕಳೆದ ಸಮಯವನ್ನು ರೆಫ್ರಿ ಕೊನೆಗೆ ಸೇರಿಸಿ ಆಡಿಸಬೇಕಂತೆ. ಇದನ್ನು ನನಗೆ ಹೇಳಿದವಳು ಹೆಂಡತಿ ಸುಮತಿ, ಟಿವಿಯಲ್ಲಿ ನೋಡಿ ಗೊತ್ತಂತೆ. "ಎಂತ ಮಾರಾಯ್ರೆ! ಅವ ಪಾಪ ಜನ್ಮದಲ್ಲಿ ಒಂದು ಗೋಲು ಹೊಡೆದದ್ದು. ಒಂದು ಉಸಿರು ತಡೆದು ಊದಿದ್ರೆ ನಿಮ್ಮ ಗಂಟು ಹೋಗ್ತಿತ್ತಾ?"

"ಟೈಮ್ ಅಂದ್ರೆ ಟೈಮ್" ಎಂದೆ.

"ಹೌದೌದು. ಮದುವೆ ದಿನ ಮುಹೂರ್ತಕ್ಕೆ ನಾಲ್ಕು ನಿಮಿಷ ತಡವಾಯ್ತು ಅಂತ ಪುರೋಹಿತರಿಗೇ ವಾಚು ತೋರಿಸಿದವರಲ್ವಾ ನೀವು!"

ಆಪರೇಷನ್ ಮುಗಿಸಿ ಬಂದ ಎಲ್ವಿನ್ನನನ್ನು ನೋಡಲು ಹೋದೆ. "ಚಿಂತೆ ಬಿಡು, ಚೀಫ್. ನಮ್ಮ ದೇಶದ ಗೋಲು ಇರೋದೇ ಹೀಗೆ. ಬರ್ಕೋ" ಎಂದ. ನೋಟ್‌ಬುಕ್ ತೆರೆದೆ, ಬರೆಯಲು ಕೈ ಬರಲಿಲ್ಲ. ಅವನ ಇತಿಹಾಸದಲ್ಲಿ ಇಷ್ಟು ದಿನ ಮಳೆಯಿತ್ತು, ಮಾವಿನ ಮರವಿತ್ತು. ಈಗ ಅವುಗಳ ಸಾಲಿನಲ್ಲಿ ನಾನು!

ಚಳಿಗಾಲವಿಡೀ ಯೋಚಿಸಿದೆ. ಏಪ್ರಿಲ್ ಬಂದ ಕೂಡಲೇ ಎರಡೂ ತಂಡಕ್ಕೆ ಈಮೇಲ್ ಬರೆದೆ: ರೆಫ್ರಿಯ ತಪ್ಪಿನಿಂದ ಪಂದ್ಯ ಇನ್ನೂ ಮುಗಿದಿಲ್ಲ, ನಾಲ್ಕು ನಿಮಿಷ ಉಳಿದಿದೆ, ದಯವಿಟ್ಟು ಬನ್ನಿ. ನಾಲ್ಕು ನಿಮಿಷಕ್ಕೆ ಯಾರು ಬರುತ್ತಾರೆ ಎನ್ನುತ್ತೀರಾ? ಇಪ್ಪತ್ತೆರಡೂ ಜನ ಬಂದರು. ಎಲ್ವಿನ್ ಹೊಸ ಮಂಡಿಯೊಂದಿಗೆ ಬಂದ. "ಡಾಕ್ಟರ್ ಓಡಬೇಡ ಅಂದಿದ್ದಾರೆ. ಗೋಲು ಹೊಡೀಬೇಡ ಅಂದಿಲ್ಲ."

ಬಿಟ್ಟುಕೊಟ್ಟ ಗೋಲು ಬೇಡವೆಂದು ಅವನು ಮೊದಲೇ ಹೇಳಿದ್ದ. ಎಡಿಸನ್ನಿನವರು ಬಿಟ್ಟುಕೊಡಲೂ ಇಲ್ಲ. ನಾಲ್ಕನೇ ನಿಮಿಷ ಕಳೆಯಿತು. ಐದಾಯಿತು, ಹತ್ತಾಯಿತು. "ಟೈಮೆಷ್ಟು?" ಎಂದು ಎದುರು ತಂಡದ ನಾಯಕ ಕೂಗಿದ. "ಇನ್ನೂ ಇದೆ" ಎಂದೆ. ಬದುಕಿನಲ್ಲಿ ಗಡಿಯಾರದ ವಿಷಯದಲ್ಲಿ ನಾನು ಹೇಳಿದ ಮೊದಲ ಸುಳ್ಳು. ಎಲ್ಲರೂ ಸುಸ್ತಾಗಿ ಹುಲ್ಲಿನ ಮೇಲೆ ಬಿದ್ದುಕೊಂಡಾಗ, ಉಳಿದದ್ದು ಮುಂದಿನ ವಾರ ಎಂದು ಘೋಷಿಸಿದೆ.

ಅದಾಗಿ ಮೂರು ವರ್ಷವಾಯಿತು. ಚಳಿಗಾಲ ಬಿಟ್ಟರೆ ಪ್ರತಿ ಭಾನುವಾರವೂ ಆ ನಾಲ್ಕು ನಿಮಿಷ ನಡೆಯುತ್ತಲೇ ಇದೆ. ಎಡಿಸನ್ನಿನವರು ಈಗ ಸಮಯ ಕೇಳುವುದಿಲ್ಲ. ಮನೆಯಿಂದ ತಿಂಡಿ ಕಟ್ಟಿಕೊಂಡು ಬರುತ್ತಾರೆ. ಗೋಲು ಮಾತ್ರ ಆಗಿಲ್ಲ. ಇವತ್ತು ಎಲ್ವಿನ್ ಒದ್ದ ಚೆಂಡು ಕಂಬಕ್ಕೆ ಬಡಿದು ಆಚೆ ಹೋಯಿತು. ಅವನು ತಲೆಯ ಮೇಲೆ ಕೈಯಿಟ್ಟುಕೊಂಡು ನನ್ನ ಕಡೆ ನೋಡಿದ.

"ಆಡಪ್ಪಾ, ಆಡು" ಎಂದೆ.